ಬತ್ತಿಗೆ ಮೀನಿನ ನೀರು

ಏಪ್ರಿಲ್ 11, ಭಾನುವಾರ. ತಲಶ್ಶೇರಿ.

ಮೀನು ತೊಳೆದ ನೀರಿನ ಮಹಿಮೆಯನ್ನು ಮೊದಲು ಹೇಳಿದವಳು ಪಕ್ಕದ ಮನೆಯ ರೋಹಿಣಿ ಚೇಚಿ, ಹೋದ ವಾರ, ಬೇಲಿಯ ಆಚೆಯಿಂದ. ಅವಳು ಹೇಳಿದ್ದು ನೆಲದ ಗಿಡಕ್ಕೆ. ನನ್ನ ಗಂಡ ಪವಿತ್ರೇಟ್ಟ ಅದನ್ನು ತಾರಸಿಗೆ ಹತ್ತಿಸಿದರು.

ತಾರಸಿಯಲ್ಲಿರುವುದು ನಾನೇ ಮಾಡಿದ ಬಕೆಟ್ಟುಗಳು. ಪೇಂಟಿನ ಹಳೇ ಬಕೆಟ್ಟಿನಲ್ಲಿ ನೀರು, ಅದರ ಮೇಲೆ ಕೂತ ಇನ್ನೊಂದರಲ್ಲಿ ಮಣ್ಣು, ನಡುವೆ ಬಟ್ಟೆಯ ಬತ್ತಿ. ಗಿಡ ಬೇಕಾದಷ್ಟನ್ನು ತಾನೇ ಹೀರಿಕೊಳ್ಳುತ್ತದೆ. ವಿಷುವಿನ ಬೆಳಗ್ಗೆ ಕಣ್ಣು ಬಿಟ್ಟೊಡನೆ ಕಾಣುವ ಕಣಿಗೆಂದು ಅದರಲ್ಲೊಂದು ಸೌತೆ ಬೆಳೆಸಿದ್ದೆ. ಚಿನ್ನದ ಬಣ್ಣಕ್ಕೆ ತಿರುಗಿತ್ತು.

ಇವತ್ತು ನಾತದ ಜಾಡು ಹಿಡಿದು ಹೋಗಿ ಮೇಲಿನ ಬಕೆಟ್ಟು ಎತ್ತಿದೆ. ಥೂ! ಕಪ್ಪು ಗೊಜ್ಜಿನಂಥ ನೀರು, ಮತ್ತಿ ಮೀನಿನ ಕರುಳು, ಬತ್ತಿಯ ಉದ್ದಕ್ಕೂ ಬಿಳೀ ಹುಳು.

"ಗೊಬ್ಬರ ಕಣೇ. ಮೇಲೆ ಸುರಿದ್ರೆ ಬೆಕ್ಕು ಬರುತ್ತೆ ಅಂತ ಕೆಳಗೆ ಹಾಕ್ದೆ," ಅಂದರು ಪವಿತ್ರೇಟ್ಟ.

ಅತ್ತೆ ಮೆಟ್ಟಿಲಲ್ಲೇ ಮೂಗು ಮುಚ್ಚಿ ನಿಂತರು. "ಬತ್ತಿ ಅಂದ್ಮೇಲೆ ದೀಪ ಇದ್ದ ಹಾಗೆ ಕಣೋ. ದೀಪಕ್ಕೆ ಯಾರಾದ್ರೂ ಮೀನಿನ ನೀರು ಹಾಕ್ತಾರಾ? ಆ ಸೌತೆ ಕಣಿಯಲ್ಲಿ ಕೃಷ್ಣನ ಮುಂದೆ ಬೇಡ, ಪೇಟೆಯದ್ದು ತಾ."

"ಪೇಟೆ ಸೌತೆ ಏನು ಕುಡಿದಿತ್ತೋ, ನೀನು ಕಂಡಿದ್ಯಾ ಅಮ್ಮಾ?"

"ಕಂಡಿಲ್ಲ. ಅದಕ್ಕೇ ಅದು ಆಗುತ್ತೆ."

ನಾನು ನನ್ನ ಸೌತೆಯ ಪರ ಮಾತಾಡಬೇಕಿತ್ತು. ಬಾಯಿ ಬಿಟ್ಟರೆ ವಾಂತಿಯಾಗುವಂತಿತ್ತು. ಕೊಯ್ದು, ಮೀನಿನ ನೀರು ಕುಡಿದದ್ದೆಂದು ಹೇಳಿಯೇ ಚೇಚಿಗೆ ಕೊಟ್ಟುಬಿಟ್ಟೆ.

"ನಾನು ಹೇಳಿರ್ಲಿಲ್ವಾ? ಈ ಸಲ ನಮ್ಮನೆ ಕಣಿಗೆ ಇದೇ!" ಎಂದು ಅದನ್ನು ಕೆನ್ನೆಗೊತ್ತಿಕೊಂಡಳು. ಕೆನ್ನೆಗೆ!

ಹುಣಸೆ ಹಚ್ಚಿ ತಿಕ್ಕಿದರೂ ಕೈಯ ನಾತ ಹೋಗಿಲ್ಲ. ಮಲಗೋಣವೆಂದರೆ, ಕಣ್ಣು ಮುಚ್ಚಿದೊಡನೆ ಕಾಣುವುದು ಆ ಬತ್ತಿ, ಅದರ ಮೇಲೆ ಮಿಜಿಮಿಜಿ…