ಕಂಬಳಿಯೊಳಗಿನ ಮರಿ

ಶಿರಾ
೧೧-೨-೨೦೨೫, ಮಂಗಳವಾರ

ಮಾತು ಬಿಟ್ಟಿರುವ ಮಂಜುಶ್ರೀಗೆ, ಸುಮಯ್ಯಳ ಸಲಾಂ.

ಫೋನ್ ಎತ್ತುತ್ತಿಲ್ಲ. ಮೆಸೇಜ್ ಹಾಕಿದರೆ ಒಂದೇ ಟಿಕ್. ಬ್ಲಾಕ್ ಮಾಡಿದ್ದೀಯ ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಅದಕ್ಕೇ ಇದನ್ನು ನಾಳೆ ಬೆಳಗಿನ ಪಾವಗಡದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ವೈ.ಎನ್.ಹೊಸಕೋಟೆಯ ನಿನ್ನ ಸ್ಕೂಲಿಗೇ ಕಳಿಸುತ್ತಿದ್ದೇನೆ. ಮಕ್ಕಳ ಎದುರಿಗೆ ಹರಿದು ಹಾಕಲಾರೆಯಲ್ಲ, ಟೀಚರಮ್ಮ! ದಮ್ಮಯ್ಯ, ಕೊನೆಯವರೆಗೂ ಓದು.

ಕುರಿ ಕಾಯುವ ಚಿಕ್ಕರಂಗಯ್ಯ ತಾತ ಜೈಲಿಗೆ ಹೋಗಿ ಇವತ್ತಿಗೆ ಒಂಬತ್ತು ದಿನ. ಶುಕ್ರವಾರ ಮಧುಗಿರಿ ಕೋರ್ಟಿನಲ್ಲಿ ಜಾಮೀನಿನ ಅರ್ಜಿ ಬರುತ್ತದೆ. ಕೃಷ್ಣಮೃಗದ ಮರಿ ಹಿಡಿದ ಕೇಸು ಸಣ್ಣದಲ್ಲ, ಜಾಮೀನು ಸಿಗುವುದು ಕಷ್ಟ ಎಂದು ವಕೀಲರು ಕೈ ಚೆಲ್ಲಿದ್ದಾರೆ. ಎಪ್ಪತ್ತು ದಾಟಿದ ಜೀವ, ಹುಟ್ಟಿದಾಗಿನಿಂದ ಬಯಲಲ್ಲೇ ಬೆಳೆದದ್ದು, ಈಗ ಗೋಡೆ ನೋಡುತ್ತಾ ಕೂತಿದೆ. ಸಾಕ್ಷಿ ಯಾವುದು ಗೊತ್ತಲ್ಲ? ನನ್ನ ಫೋಟೋ. ಬಹುಮಾನ ಬಂದು, ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿ, ಕೊನೆಗೆ ಅರಣ್ಯ ಇಲಾಖೆಯವರ ಮೊಬೈಲಿಗೂ ಹೋದ ಫೋಟೋ.

ಕೊನೆಯ ಸಲ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು, ನಿಜ ಹೇಳೇ ಸುಮಿ, ಆ ಮರಿ ಅವರ ಕೈಗೆ ಹೆಂಗ್ ಬಂತು ಅಂತ. ಗಿರಾಕಿ ಬಂದರು ಎಂದು ಫೋನ್ ಇಟ್ಟೆ. ಯಾವ ಗಿರಾಕಿಯೂ ಬಂದಿರಲಿಲ್ಲ. ಈಗ ಹೇಳುತ್ತೇನೆ ಕೇಳು.

ದಸರಾ ರಜೆಯಲ್ಲಿ ಬಡವನಹಳ್ಳಿಯಲ್ಲಿ ಇಡ್ಲಿ ತಿಂದು ಮೈದನಹಳ್ಳಿ ಕಾವಲಿಗೆ ಹೋದೆವಲ್ಲ, ಅವತ್ತು ಬೆಳಗಿನಿಂದ ಹುಲ್ಲಲ್ಲಿ ಬಿದ್ದುಕೊಂಡಿದ್ದರೂ ನನ್ನ ಕ್ಯಾಮೆರಾಗೆ ಸಿಕ್ಕಿದ್ದು ಓಡುವ ಕೃಷ್ಣಮೃಗಗಳ ಹಿಂಭಾಗ ಮಾತ್ರ. ನೀನು ನಕ್ಕೆ. ಇದು ಮದುವೆ ಮನೆ ಅಲ್ಲ ಕಣೇ, ಇಲ್ಲಿ ಯಾರೂ ನಿನ್ ಮಾತು ಕೇಳಿ ತಿರುಗಲ್ಲ ಅಂದೆ. ನನಗೆ ಉರಿದುಹೋಯಿತು. ಹನ್ನೊಂದು ವರ್ಷದಿಂದ ಅಬ್ಬಾನ ಸ್ಟುಡಿಯೋದಲ್ಲಿ ನನ್ನ ಕೆಲಸವೇ ಅದಲ್ಲವೇ? ಗಂಡಸರು ಕಾಲಿಡದ ಹೆಣ್ಣುಮಕ್ಕಳ ಕೋಣೆಗಳಿಗೆ ಹೋಗಿ, ದುಪಟ್ಟಾ ಸರಿ ಮಾಡು, ಗಲ್ಲ ಎತ್ತು, ಅಮ್ಮಾ ನೀವು ಸ್ವಲ್ಪ ಕಣ್ಣೀರು ಹಾಕಿ ಎಂದು ಹೇಳಿ ಹೇಳಿ, ಇದ್ದದ್ದನ್ನು ಇದ್ದ ಹಾಗೆ ತೆಗೆಯುವುದೇ ನನಗೆ ಮರೆತುಹೋಗಿದೆ.

ನೀನು ನೀರಿನ ಬಾಟಲಿ ತರಲು ಕಾವಲು ಗೋಪುರದ ಕಡೆ ಹೋದೆ. ಆಗ ತಾತ ಕುರಿ ಹೊಡೆದುಕೊಂಡು ಕಾವಲಿನ ಅಂಚಿಗೆ ಬಂದರು. ನನ್ನ ಸಪ್ಪೆ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಬಾರವ್ವ ಒಂದು ತೋರಿಸ್ತೀನಿ ಅಂದರು. ಹುಲ್ಲಿನೊಳಗೆ ಮರಿ ಮಲಗಿತ್ತು, ಹುಟ್ಟಿ ಎರಡು ದಿನ ಆಗಿದ್ದರೆ ಹೆಚ್ಚು. ಅಲ್ಲಾಡಲೇ ಇಲ್ಲ. ಅವ್ವ ಬಚ್ಚಿಟ್ಟು ಮೇಯಕ್ಕೆ ಹೋಗೈತೆ, ಎಲ್ಲೋ ನಿಂತು ನಮ್ಮನ್ನೇ ನೋಡ್ತಾ ಇರ್ತದೆ, ದೂರದಿಂದ ಫೋಟೋ ತಕ್ಕೊಂಡು ನಡಿ ಕಣಮ್ಮ ಅಂದರು.

ನಾನು ನಡೆಯಲಿಲ್ಲ. ತಾತಾ, ಒಂದೇ ನಿಮಿಷ, ಮೊಮ್ಮಗು ಎತ್ತಿಕೊಂಡ ಹಾಗೆ ಕಂಬಳಿಯಲ್ಲಿ ಎತ್ತಿಕೊಳ್ಳಿ ಎಂದೆ. ಬ್ಯಾಡ ಕಣವ್ವ, ಮನುಷ್ಯರ ವಾಸ್ನೆ ಹತ್ತಿದ್ರೆ ಅವ್ವ ಸೇರ್ಸಕ್ಕಿಲ್ಲ ಅಂದರು. ನಾನು ಬಿಟ್ಟೆನೇ? ಗೋಗರೆದೆ. ನಾನು ನಿಮ್ಮ ಮಗಳು ಅಂದ್ಕೊಳ್ಳಿ ಎಂದೆ. ಥೂ, ನನ್ನ ನಾಲಿಗೆಗಿಷ್ಟು! ಆ ಮಾತಿಗೆ ಕರಗಿ ಬಗ್ಗಿ ಎತ್ತಿಕೊಂಡರು. ಒಂದು ನಿಮಿಷ ಎಂದವಳು ಕಾಲು ಗಂಟೆ ನಿಲ್ಲಿಸಿದೆ. ಸ್ವಲ್ಪ ಈ ಕಡೆ ತಾತಾ, ನಗಬೇಡಿ ತಾತಾ. ಮರಿಯ ಎದೆ ಬಡಿಯುವುದು ಕಂಬಳಿಯ ಮೇಲೇ ಕಾಣುತ್ತಿತ್ತು. ನೀನು ಬರುವಷ್ಟರಲ್ಲಿ ಅವರು ಅದನ್ನು ಅಲ್ಲೇ ಮಲಗಿಸಿ ಕುರಿ ಹಿಂದೆ ಹೊರಟುಹೋಗಿದ್ದರು. ತಬ್ಬಲಿ ಮರಿಯನ್ನು ತಾತ ಉಳಿಸಿದರು ಕಣೇ ಎಂದು ನಿನಗೆ ಹೇಳಿದೆ. ಫೋಟೋದ ಕೆಳಗೂ ಅದನ್ನೇ ಬರೆದೆ.

ಮೊನ್ನೆ ಅವರ ಹಟ್ಟಿಗೆ ಹೋಗಿದ್ದೆ. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿ ಟೀ ಕೊಟ್ಟರು. ತಾತ ಮಾರನೆಯ ದಿನವೇ ಹೋಗಿ ನೋಡಿದ್ದರಂತೆ. ಮರಿಯನ್ನು ನಾಯಿಗಳು ಎಳೆದಾಡಿದ್ದವಂತೆ. ಎರಡು ದಿನ ಊಟ ಮಾಡಲಿಲ್ಲವಂತೆ. ಈಗ ಯಾರು ಕೇಳಿದರೂ ನಾನೇ ಎತ್ಕೊಂಡೆ ಸಾರ್ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಅಜ್ಜಿ ಹೇಳಿದ್ದು ಕೇಳು. ಹೆಣ್ಣುಡುಗಿ ಹೆಸ್ರು ಸ್ಟೇಷನ್ನಾಗೆ ಯಾಕ್ ಹೇಳ್ಲಿ, ಮಗ್ಳು ಅಂತ ಅಂದ್ಬುಟ್ಟವ್ಳೆ ಅಂತಾರೆ, ನೀನೇನೂ ಹೆದ್ರಬ್ಯಾಡ ಕಣವ್ವ ಅಂದರು. ನನಗೇ ಧೈರ್ಯ ಹೇಳಿದರು ಮಂಜು!

ರೇಂಜರ್ ನನ್ನನ್ನೂ ಕರೆಸಿ ಕೇಳಿದ್ದರು. ಅಬ್ಬಾ ಮತ್ತು ಹಫೀಜ್ ಅಣ್ಣ ಅಕ್ಕಪಕ್ಕ ನಿಂತಿದ್ದರು. ನನಗೆ ಬಾಯೇ ಬರಲಿಲ್ಲ, ಸುಮ್ಮನೆ ಬಂದುಬಿಟ್ಟೆ. ಎತ್ತಿಕೋ ಅಂದವರಿಗೂ ಅದೇ ಕೇಸು, ತೆಪ್ಪಗಿರು ಎಂದು ಅಣ್ಣ ಗದರಿದ. ಅಬ್ಬಾ ಅಂಗಡಿಯಲ್ಲಿ ನೇತುಹಾಕಿದ್ದ ಆ ಫೋಟೋವನ್ನು ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟರು.

ನಾಡಿದ್ದು ಶಬ್-ಎ-ಬರಾತ್. ನಮ್ಮವರೆಲ್ಲ ಒಬ್ಬರಿಗೊಬ್ಬರು ಮಾಫಿ ಕೇಳುವ ಮೆಸೇಜ್ ಕಳಿಸುತ್ತಿದ್ದಾರೆ, ಗುಲಾಬಿ ಹೂವಿನ ಚಿತ್ರದ ಜೊತೆ. ನನಗೆ ಹದಿನೇಳು ಬಂದಿವೆ. ಯಾರಿಗೂ ಒಂದನ್ನೂ ಕಳಿಸಲು ಕೈ ಬರಲಿಲ್ಲ. ನಾನು ಮಾಫಿ ಕೇಳಬೇಕಾದವರ ಹತ್ತಿರ ಮೊಬೈಲೇ ಇಲ್ಲ.

ಶುಕ್ರವಾರ ಹತ್ತು ಗಂಟೆಗೆ ಮಧುಗಿರಿ ಕೋರ್ಟಿನ ಗೇಟಿಗೆ ಬಾರೇ. ರಜೆ ಹಾಕು. ಬೈಯಬೇಕಾದರೆ ಅಲ್ಲೇ ಬೈಯಿ, ಕಪಾಳಕ್ಕೆ ಹೊಡಿ, ಆದರೆ ಕೈ ಹಿಡಿದು ವಕೀಲರ ಹತ್ತಿರ ಕರೆದುಕೊಂಡು ಹೋಗು. ಒಬ್ಬಳೇ ಬಂದರೆ ಬಸ್ ಸ್ಟ್ಯಾಂಡಿನಿಂದಲೇ ವಾಪಸ್ ಓಡುತ್ತೇನೆ. ನನ್ನ ಯೋಗ್ಯತೆ ನನಗೆ ಗೊತ್ತು. ನನಗೆ ಭಯ ಮಂಜು, ತುಂಬಾ ಭಯ.

ನೀನು ಬೇಡ ಅಂದರೂ ನಿನ್ನವಳೇ ಆದ
ಸುಮಿ

ತಾ.ಕ.: ಬಾಯೇ ಬರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಕಾಗದ ಹರಿದು ಬೇರೆ ಬರೆಯೋಣ ಎಂದುಕೊಂಡೆ, ಬರೆದರೆ ಮತ್ತೆ ಆ ಸುಳ್ಳನ್ನೇ ಬರೆಯುತ್ತೇನೆ. ರೇಂಜರ್ ಎದುರು ಬಾಯಿ ಚೆನ್ನಾಗಿಯೇ ಬಂತು. ಆ ಮುದುಕ ಯಾರೋ ಗೊತ್ತಿಲ್ಲ, ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಟ್ಟಿ ಕಡೆ ಹೊರಟಿದ್ದ, ನಾನು ದೂರದಿಂದ ಫೋಟೋ ತೆಗೆದೆ ಎಂದು ಬರೆದು ರುಜು ಹಾಕಿದೆ. ತಾತನನ್ನು ಹಿಡಿದದ್ದು ಅದರ ಮಾರನೆಯ ದಿನ. ಈ ಲಕೋಟೆಯಲ್ಲಿ ಅವತ್ತಿನ ಮೆಮೊರಿ ಕಾರ್ಡ್ ಇದೆ. ಫೋಟೋಗಳ ನಡುವೆ ಕೈತಪ್ಪಿ ಒತ್ತಿದ ಹನ್ನೆರಡು ಸೆಕೆಂಡಿನ ವಿಡಿಯೋ ಒಂದಿದೆ. ಅವರು ಬ್ಯಾಡ ಕಣವ್ವ ಅನ್ನುವುದು, ನಾನು ಎತ್ಕೊಳ್ಳಿ ತಾತಾ ಅನ್ನುವುದು, ಎರಡೂ ಕೇಳಿಸುತ್ತವೆ. ಹತ್ತೂವರೆಯವರೆಗೆ ಗೇಟಿನಲ್ಲಿ ನೋಡು. ನಾನು ಬರದಿದ್ದರೆ ಕಾಯಬೇಡ, ಫೋನೂ ಮಾಡಬೇಡ. ಒಳಗೆ ಹೋಗಿ ಕಾರ್ಡನ್ನು ವಕೀಲರಿಗೆ ಕೊಟ್ಟುಬಿಡು.