ಬೆಟ್ಟದಾಚೆಯ ಮ್ಯಾಚುಗಳು

೬ ಆಗಸ್ಟ್ ೨೦೧೮, ಸೋಮವಾರ

ಬೆಳಗಿನ ಆರೂಕಾಲರ ಟ್ರಿಪ್. ಬಸ್ಸಿನ ಹಿಂದಿನ ಸೀಟಿನ ಪಾರ್ಲಿಮೆಂಟು ಆಗಲೇ ಭರ್ತಿ. ಶನಿವಾರ ನಮ್ಮೂರ ಫುಟ್‌ಬಾಲ್ ತಂಡ ನಕೋರೋವಾ, ಚಾಂಪಿಯನ್ ತಂಡವನ್ನೇ ಮೂರು–ಸೊನ್ನೆ ಬಾರಿಸಿ ಕಳಿಸಿದೆ. ಅದಕ್ಕೂ ಒಂದು ವಾರ ಮುಂಚೆ ಬೆಟ್ಟದಾಚೆಯ ಒಂದು ಬಡಕಲು ತಂಡದ ಕೈಯಲ್ಲಿ ನಾಲ್ಕು ತಿಂದು ಬಂದಿತ್ತು. ಇದೆಂಥ ತಂಡವೋ...

ಸಾಕಿಯುಸಾ — ಕಬ್ಬು ಕಡಿಯುವವನು, ಎರಡು ಸೀಟಿನ ಆಳು — ಸೀಟು ಗುದ್ದಿ ಹೇಳಿದ: "ಇನ್ನು ನಾಲ್ಕು ಮ್ಯಾಚು. ನಾಲ್ಕೂ ಗೆದ್ರೆ ನಾಲ್ಕನೇ ಜಾಗ!"

"ನಾಲ್ಕೂ ಸೋತ್ರೆ ಕೆಳಗಿನ ಡಿವಿಜನ್ನು. ಅದನ್ನೂ ಹೇಳಪ್ಪ," ಎಂದರು ಗೌಂಡರ್ ಮಾಸ್ಟರ್. ರಿಟೈರ್ ಆದ ಲೆಕ್ಕದ ಮೇಷ್ಟ್ರು. ಎಲ್ಲದಕ್ಕೂ ಕೋಚ್ ಕಾರಣ ಅನ್ನುತ್ತಾರೆ.

"ಇಬ್ರೂ ಬಾಯಿ ಮುಚ್ಚಿ. ನನ್ನ ಬದನೆಕಾಯಿ ಮೇಲೆ ಕಾಲಿಟ್ಟಿದ್ದೀರಿ." ಇದು ಮಾರ್ಕೆಟ್ಟಿಗೆ ಬುಟ್ಟಿ ಹೊತ್ತು ಹೋಗುವ ಫೂಲ್ಮತಿ ದೀದಿ.

ನಾನು ಸ್ಟೀರಿಂಗ್ ತಿರುಗಿಸುತ್ತ, ಕನ್ನಡಿ ನೋಡುತ್ತ ಹೇಳಿದೆ: "ಕೋಚೂ ಅಲ್ಲ, ಏನೂ ಅಲ್ಲ. ಗೋಲ್‌ಕೀಪರ್. ಆ ಇಲೈಸಾನ ಕೈಗೆ ಯಾರೋ ಬೆಣ್ಣೆ ಸವರಿದ್ದಾರೆ."

ಬಸ್ಸೆಲ್ಲ ನಕ್ಕಿತು. ವಾಪಸ್ ಟ್ರಿಪ್ಪಿನಲ್ಲಿ ಇನ್ನೊಮ್ಮೆ ಹೇಳಿದೆ. ಆಗಲೂ ನಕ್ಕರು.

೧೮ ಆಗಸ್ಟ್, ಶನಿವಾರ

ಹೋದ ವಾರ ನಮ್ಮೂರ ಮೈದಾನದಲ್ಲಿ ಎರಡು–ಒಂದು ಗೆಲುವು. ಇವತ್ತು ಬೆಟ್ಟದಾಚೆ ಸೊನ್ನೆ–ಮೂರು. ರೇಡಿಯೋ ಆರಿಸಿದೆ. ಹೆಂಡತಿ ಬಿದ್ಯಾ ಊಟಕ್ಕೆ ಕರೆದಳು. ಹಸಿವಿಲ್ಲ ಅಂದೆ.

"ಮೀನು ಸಾರು ಮಾಡಿದ್ದೀನಿ ಕಣ್ರೀ."

ಹೋದೆ.

೨೦ ಆಗಸ್ಟ್, ಸೋಮವಾರ

ಬಾಯಿಗೆ ಬೀಗ ಹಾಕಿಕೊಳ್ಳಬೇಕು.

ಇವತ್ತೂ ಅದೇ ಬೆಣ್ಣೆ ಮಾತು ಆಡಿದೆ. ಎಲ್ಲ ನಕ್ಕರು. ಎರಡನೇ ಸೀಟಿನಲ್ಲಿ ಚಾಪೆಯ ಸುರುಳಿ ಹಿಡಿದು ಕೂತಿದ್ದ ಹೆಂಗಸು ಮಾತ್ರ ನಗಲಿಲ್ಲ. ಎದ್ದು ಬಂದು ನನ್ನ ಪಕ್ಕದ ಕಂಬ ಹಿಡಿದು ನಿಂತಳು.

"ನಾನು ಮಕೆರೆತಾ. ಇಲೈಸಾನ ತಾಯಿ."

ಬಸ್ಸು ತಾನಾಗಿಯೇ ನಿಧಾನವಾಯಿತು.

"ಆ ಟೀಮಿನ ವ್ಯಾನಲ್ಲಿ ಯಾವತ್ತಾದ್ರೂ ಬೆಟ್ಟ ಹತ್ತಿದ್ದೀಯೇನಪ್ಪ? ಹನ್ನೊಂದು ಜನರ ವ್ಯಾನಿಗೆ ಹದಿನೆಂಟು ಜನ. ಆ ಪುಣ್ಯಾತ್ಮ ಡ್ರೈವರ್ ತಿರುವಿನಲ್ಲೂ ಬ್ರೇಕ್ ಮುಟ್ಟಲ್ಲ. ನನ್ನ ಮಗ ದಾರಿಯುದ್ದಕ್ಕೂ ವಾಂತಿ ಮಾಡ್ತಾನೆ. ಅವನೊಬ್ನೇ ಅಲ್ಲ, ಅರ್ಧ ಟೀಮು. ಇಳಿದ ತಕ್ಷಣ ಆಡು ಅಂತಾರೆ. ಜರ್ಸಿ ಒಗೆಯೋಳು ನಾನು. ಯಾವ ಮ್ಯಾಚಿಗೆ ಏನು ತಿಂದು ಹೋಗಿದ್ರು ಅನ್ನೋದೂ ನಂಗೆ ಗೊತ್ತು."

ಮಾರ್ಕೆಟ್ ಸ್ಟಾಪಿನಲ್ಲಿ ಇಳಿಯುವಾಗ "ವಿನಾಕಾ" ಅಂದಳು. ಥ್ಯಾಂಕ್ಸ್ ಹೇಳಿಸಿಕೊಂಡು ಇಷ್ಟು ನಾಚಿಕೆಯಾದದ್ದು ಇದೇ ಮೊದಲು.

೨೧ ಆಗಸ್ಟ್, ಮಂಗಳವಾರ

ಫೂಲ್ಮತಿ ದೀದಿ ರಾತ್ರಿಯೆಲ್ಲ ಲೆಕ್ಕ ಹಾಕಿದ್ದಾಳಂತೆ. ಓದು ಬರಹ ಅಷ್ಟಕ್ಕಷ್ಟೇ. ಸ್ಕೋರು ಮಾತ್ರ ಎಲ್ಲ ಬಾಯಿಪಾಠ.

"ಈ ವರ್ಷ ಏಳು ಸೋಲು. ಏಳೂ ಬೆಟ್ಟದಾಚೆ. ಸಮುದ್ರದ ರಸ್ತೆ ಹಿಡಿದು ಹೋದ ಕಡೆ ಒಂದೂ ಸೋತಿಲ್ಲ."

ಗೌಂಡರ್ ಮಾಸ್ಟರ್ ಕನ್ನಡಕ ತೆಗೆದು ಒರೆಸಿದರು. "ನಾನು ಕೋಚ್‌ನ ಬದಲಿಸಿ ಅಂತ ಮೂರು ಅರ್ಜಿ ಬರೆದ್ನಲ್ಲ ದೀದಿ..."

"ನಾಲ್ಕನೇದು ಬರೀರಿ. ಡ್ರೈವರ್‌ನ ಬದಲಿಸಿ ಅಂತ."

ಕನ್ನಡಿಯಲ್ಲಿ ನೋಡಿದೆ. ಎಲ್ಲರ ಕಣ್ಣೂ ನನ್ನ ಮೇಲೆ.

ಇಪ್ಪತ್ತೆರಡು ವರ್ಷ ಆ ಬೆಟ್ಟದ ರೂಟಿನಲ್ಲಿ ಬಸ್ ಓಡಿಸಿದವನು ನಾನು. ನನ್ನ ಬಸ್ಸಿನಲ್ಲಿ ಯಾರೂ ವಾಂತಿ ಮಾಡಿಲ್ಲ. ಒಬ್ಬಳು ಮಾಡಿದ್ದಳು, ಅವಳು ಬಸುರಿ.

ಸಂಜೆ ಬಸ್ಸಿನ ಯಜಮಾನರಾದ ಹಜ್ರತ್ ಭಾಯಿ ಹತ್ತಿರ ಹೋಗಿ, ತಂಡವನ್ನು ಒಯ್ಯಲು ಬಸ್ಸು ಕೇಳಿದೆ. ಅವರೂ ನಕೋರೋವಾ ಹುಚ್ಚರೇ. "ಒಯ್ಯಿ ಜಗ್ರೂಪ್. ಆದ್ರೆ ಸೋತು ಬಂದ್ರೆ ಬಸ್ಸು ತೊಳೆದು ನಿಲ್ಲಿಸಬೇಕು."

"ಗೆದ್ರೆ?"

"ಗೆದ್ರೂ ತೊಳೀಬೇಕು."

೧ ಸೆಪ್ಟೆಂಬರ್, ಶನಿವಾರ

ತಂಡವನ್ನು ನಾನೇ ಬೆಟ್ಟ ಹತ್ತಿಸಿದೆ. ಎರಡನೇ ಗೇರ್, ಕಿಟಕಿಗಳೆಲ್ಲ ತೆರೆದು. ತೊರೆಯ ಹತ್ತಿರ ಹದಿನೈದು ನಿಮಿಷ ನಿಲ್ಲಿಸಿದೆ. ಬಿದ್ಯಾ ಕಟ್ಟಿಕೊಟ್ಟ ಶುಂಠಿ ಹಂಚಿದೆ. ಯಾರೂ ವಾಂತಿ ಮಾಡಲಿಲ್ಲ. ಯಾರೂ!

ಇಲೈಸಾ ಮುಂದಿನ ಸೀಟಿನಲ್ಲಿ. ಉದ್ದನೆಯ ಕೈ, ಮೆಲ್ಲನೆಯ ಮಾತು.

"ಬೆಟ್ಟ ಇಷ್ಟು ಚೆನ್ನಾಗಿದೆ ಅಂತ ಗೊತ್ತೇ ಇರ್ಲಿಲ್ಲ ಅಂಕಲ್. ಯಾವಾಗ್ಲೂ ಪ್ಲಾಸ್ಟಿಕ್ ಚೀಲದೊಳಗೇ ಮುಖ ಇರ್ತಿತ್ತು."

ಆಗಲೇ ಕ್ಷಮೆ ಕೇಳಬೇಕಿತ್ತು. ಗೇರ್ ಬದಲಿಸಿದೆ.

ಎಂಬತ್ತನೇ ನಿಮಿಷದವರೆಗೂ ಒಂದು–ಸೊನ್ನೆ ಮುಂದಿದ್ದೆವು. ಆಮೇಲೆ ಕಾಲು ಸೋತವು. ಒಂದು–ಎರಡು.

ಬಸ್ಸು ತೊಳೆದೆ.

೩ ಸೆಪ್ಟೆಂಬರ್, ಸೋಮವಾರ

ಹತ್ತುತ್ತಲೇ ಸಾಕಿಯುಸಾ: "ಡ್ರೈವರ್‌ನ ಬದಲಿಸಿ!"

ನಕ್ಕರು. ನಾನೂ ನಕ್ಕೆ, ಸ್ವಲ್ಪ.

ಮಾಸ್ಟರ್ ಕಾಗದ ತಂದಿದ್ದರು. ಕೊನೆಯ ಮ್ಯಾಚು ೧೫ಕ್ಕೆ, ಬೆಟ್ಟದಾಚೆ ವಾಯ್‌ದ್ರಾದಲ್ಲಿ. ಅವರಿಗೂ ನಮಗೂ ಅಂಕ ಸಮ. ಹೊಡೆದ ಗೋಲುಗಳಲ್ಲಿ ಅವರು ಮುಂದೆ. ಅಂದರೆ ಡ್ರಾ ಆದರೂ ಕೆಳಗಿಳಿಯುವುದು ನಾವೇ. ಗೆಲ್ಲಲೇಬೇಕು.

"ಜಗ್ರೂಪ್, ಹೊಟ್ಟೆ ಸರಿಹೋಯ್ತು. ಈಗ ಕಾಲು. ನಾಲ್ಕು ತಾಸು ಬಸ್ಸಲ್ಲಿ ಮಡಚಿ ಕೂತ ಕಾಲು ಎಂಬತ್ತು ನಿಮಿಷ ಓಡಿದ್ದೇ ಹೆಚ್ಚು. ಬೇಗ ಹೊರಡಿ, ಮಲಗಿಸಿ, ಆಮೇಲೆ ಆಡಿಸಿ."

"ಮಲಗೋಕೆ ಜಾಗ?"

"ನಮ್ಮತ್ತೆ ಮನೆ ಮೈದಾನದ ಪಕ್ಕಾನೇ," ಎಂದ ಸಾಕಿಯುಸಾ. "ಆದ್ರೆ ಅವರು ವಾಯ್‌ದ್ರಾ ಕಡೆ. ಯಾರು ಅಂತ ಹೇಳೋದು ಬೇಡ, ನೆಂಟರು ಅಂತೀನಿ."

"ಹದಿನೆಂಟು ಜನ ನೆಂಟರಾ?" ಎಂದಳು ದೀದಿ.

೧೫ ಸೆಪ್ಟೆಂಬರ್, ಬೆಳಿಗ್ಗೆ ೪.೫೦

ಹೊರಟೆ. ಶುಂಠಿ ಇದೆ. ಚಾಪೆಗಳನ್ನು ಮಕೆರೆತಾ ತರುತ್ತಾಳೆ. ಹಿಂದಿನ ಸೀಟಿನವರೂ ಬರುತ್ತಿದ್ದಾರೆ. ಬೂಟಿನ ಲೇಸು ಎರಡು ಸಲ ಬಿಗಿದು ಕಟ್ಟಿದೆ, ಆಡುವವನು ನಾನೇ ಅನ್ನುವ ಹಾಗೆ.

೧೬ ಸೆಪ್ಟೆಂಬರ್, ಭಾನುವಾರ

ಗಂಟಲು ಹೋಗಿದೆ. ಬರೆಯಲಿಕ್ಕಾದರೂ ಆಗುತ್ತದಲ್ಲ.

ತೊರೆಯ ಹತ್ತಿರ ನಿಲ್ಲಿಸಿದಾಗ ಇಲೈಸಾನಿಗೆ ಹೇಳಿಬಿಟ್ಟೆ. ನಿನ್ನ ಕೈಯ ಬಗ್ಗೆ ಕೆಟ್ಟದಾಗಿ ಮಾತಾಡಿದ್ದೆ ಕಣಪ್ಪ, ತಪ್ಪಾಯಿತು ಅಂದೆ. "ಗೊತ್ತು ಅಂಕಲ್. ಅಮ್ಮ ಹೇಳಿದ್ರು. ಟೀಮಲ್ಲಿ ಎಲ್ರೂ ಅದನ್ನೇ ಹೇಳಿ ನಗ್ತಿದ್ರು," ಅಂದ. ಅವನೂ ನಕ್ಕ. ನನಗೆ ನೀರು ಕುಡಿಯಬೇಕಾಯಿತು.

ಸಾಕಿಯುಸಾನ ಅತ್ತೆ ಬಾಗಿಲಲ್ಲೇ ಪತ್ತೆ ಹಚ್ಚಿದಳು. ಸೊಂಟದ ಮೇಲೆ ಕೈಯಿಟ್ಟು ಒಬ್ಬೊಬ್ಬರನ್ನೂ ನೋಡಿ, "ಮನೆಗೆ ಬಂದವರು ಬಂದವರೇ. ಮಲಗಿ. ಸಂಜೆ ಸೋಲಿ," ಅಂದಳು. ಬೇಯಿಸಿದ ಕಸಾವ ಗೆಣಸು ಕೊಟ್ಟಳು. ಹುಡುಗರು ಎರಡು ತಾಸು ಗೊರಕೆ ಹೊಡೆದರು.

ಆಟ ಎಂಬತ್ತು ನಿಮಿಷ ಸೊನ್ನೆ–ಸೊನ್ನೆ. ಮಾಸ್ಟರ್ ನೋಡಲಾರದೆ ಬೆನ್ನು ತಿರುಗಿಸಿ ಕೂತಿದ್ದರು. ಆಗಲೇ ಮೈಕಿನಲ್ಲಿ ಕೂಗಿದರು — ಗೇಟಿಗೆ ಅಡ್ಡ ನಿಂತಿರುವ ಹಸಿರು ಬಸ್ಸಿನವರು ಕೂಡಲೇ ತೆಗೆಯಿರಿ. ಹಸಿರು ಬಸ್ಸು ಒಂದೇ ಇದ್ದದ್ದು. ನನ್ನದು.

ಓಡಿದೆ. ಹಿಂದಕ್ಕೆ ತೆಗೆಯುತ್ತಿದ್ದೆ. ಒಳಗಿನಿಂದ ಡೋಲು, ಶಿಳ್ಳೆ, ಸಾವಿರ ಜನರ ಕೂಗು. ಅವರೇ ಹೊಡೆದರೇನೋ ಅಂತ ಸ್ಟೀರಿಂಗ್ ಮೇಲೆ ಹಣೆ ಇಟ್ಟೆ. ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ಡೋಲಿಲ್ಲ, ಶಿಳ್ಳೆಯಿಲ್ಲ. ಊರಿಗೂರೇ ಮೌನ. ಆ ಮೌನದ ನಡುವೆ ಒಂದೇ ಒಂದು ಹೆಣ್ಣು ದನಿ, ಮಾರ್ಕೆಟ್ಟಿನಲ್ಲಿ ಬದನೆಕಾಯಿ ಕೂಗುವ ದನಿ: "ಗೋಲ್! ಗೋಲ್! ಅಯ್ಯೋ ಗೋಲ್!"

ಎಂಜಿನ್ ಆರಿಸಲು ಮರೆತು ಇಳಿದು ಓಡಿದೆ.

ಗೋಲು ನಾನು ನೋಡಲಿಲ್ಲ. ನಾಲ್ಕು ಜನ ನಾಲ್ಕು ಥರ ಹೇಳುತ್ತಾರೆ. ವಾಯ್‌ದ್ರಾದವರ ಕಾರ್ನರ್ ಕಿಕ್ಕನ್ನು ಇಲೈಸಾ ಎರಡೂ ಕೈಯಲ್ಲಿ ಹಿಡಿದು ಅರ್ಧ ಮೈದಾನ ದಾಟಿಸಿ ಎಸೆದ, ಗೋಲು ಹುಟ್ಟಿದ್ದು ಅಲ್ಲಿಂದಲೇ ಅನ್ನುವುದರಲ್ಲಿ ಮಾತ್ರ ನಾಲ್ವರೂ ಒಂದೇ. ಒಂದು–ಸೊನ್ನೆ. ಉಳಿದುಕೊಂಡೆವು.

ಬರುವಾಗ ಹಾಡು, ಹಾಡು. ಸಾಕಿಯುಸಾ ಅತ್ತ. ಮಾಸ್ಟರ್ ಮುಂದಿನ ವರ್ಷದ ಲೆಕ್ಕ ಶುರುಮಾಡಿದ್ದಾರೆ — ಬೆಟ್ಟದಾಚೆಯ ಎಂಟು ಸೋಲು ತೆಗೆದರೆ ನಾವು ನೇರ ಎರಡನೇ ಜಾಗವಂತೆ. ಮೊದಲನೇದು ಯಾಕಲ್ಲ ಅಂತ ದೀದಿ ಜಗಳ ತೆಗೆದಳು. ನನ್ನ ಪ್ರಕಾರ ಮಿಡ್‌ಫೀಲ್ಡಿನಲ್ಲಿ ಒಬ್ಬ —

ಹೊರಗೆ ಹಾರ್ನ್. ನನ್ನ ಬಸ್ಸಿನದೇ. ಬೀದಿಯೆಲ್ಲ ಸೇರಿದೆ ಅನ್ನುತ್ತಿದ್ದಾಳೆ ಬಿದ್ಯಾ, ಬಕೆಟ್ಟು ಹಿಡಿದುಕೊಂಡು. ಇಡೀ ಟೀಮು ತೊಳೆಯೋಕೆ ಬಂದಿದೆಯಂತೆ. ಬೇಡ, ಆ ಪೈಪು ಮುಟ್ಟಬೇಡಿ, ಅದರ ನಲ್ಲಿ ಸರಿಯಿಲ್ಲ, ಅದನ್ನು ತಿರುಗಿಸಿದರೆ ನೀರೆಲ್ಲ ಮೈಮೇಲೇ —