ಎಳೆದು ಹಾಡುವ ಕೊನೆಯ ಸಾಲು

ಇಲ್ಫರ್ಡ್, ಲಂಡನ್, ಸೋಮವಾರ

ಪ್ರೀತಿಯ ಅಪ್ಪಾ,

ಸ್ಲೋವಾಕಿಯಾದಿಂದ ವಲಸೆ ಬಂದವರು ಇಲ್ಲಿ ಕಟ್ಟಿಕೊಂಡ ಲೂಥರನ್ ಸಭೆಗೆ ಹೋಗುತ್ತಿದ್ದೇನೆ. ಅವರ ಭಾಷೆ ತಿಳಿಯದು, ಆದರೆ ಅವರು ಹಾಡುವ ಜರ್ಮನ್ ರಾಗಗಳು ಮಿಷನರಿಗಳು ನಮ್ಮ ಧಾರವಾಡದ ಚರ್ಚಿಗೆ ತಂದವೇ. ಮೊದಲ ದಿನ ಕನ್ನಡದಲ್ಲೇ ಹಾಡಿದೆ. ನೀವು ಕಲಿಸಿದಂತೆ ಕೊನೆಯ ಸಾಲನ್ನು ಉದ್ದಕ್ಕೆ ಎಳೆದೆ. ಉಳಿದವರೆಲ್ಲ ಆಗಲೇ ನಿಲ್ಲಿಸಿದ್ದರು, ನನ್ನದೊಂದೇ ದನಿ! ನಾಚಿಕೆಯಾಗಿ ಚಹಾಕ್ಕೂ ನಿಲ್ಲದೆ ಓಡಿಬಂದೆ.

ನಿನ್ನೆ ಮತ್ತೆ ಅದೇ ಹಾಡು. ಆರ್ಗನ್ ನುಡಿಸುವ ಜುಜಾನಾ ಅಜ್ಜಿ ಕೊನೆಯ ಸ್ವರದಿಂದ ಬೆರಳು ಎತ್ತಲೇ ಇಲ್ಲ. ಎಲ್ಲರೂ ನನ್ನ ಜೊತೆ ಎಳೆದರು.

ಅಲ್ಲಿ ನಮ್ಮ ಚರ್ಚಿನ ಹುಡುಗರು ನಿಮಗೆ “ಅಜ್ಜಾರ, ಎಳೀಬ್ಯಾಡ್ರಿ” ಅಂದಾಗಿನಿಂದ ನೀವು ಚರ್ಚಿಗೇ ಹೋಗುತ್ತಿಲ್ಲವೆಂದು ಅವ್ವ ಹೇಳಿದಳು. ನಿಮ್ಮ ಬಿಳಿ ಅಂಗಿ ಇಸ್ತ್ರಿ ಮಾಡಿಸಿಡಲು ಅವಳಿಗೆ ಹೇಳಿದ್ದೇನೆ. ಈ ಭಾನುವಾರ ಹೋಗಿ, ಎಳೆದೇ ಹಾಡಿ. ಲಂಡನ್ನಿನಲ್ಲಿ ಒಂದು ಸಭೆಯೇ ನಿಮ್ಮ ಕಡೆ ಇದೆ.

ನಿಮ್ಮ ಮಗಳು,
ಸುಗುಣಾ